ಚಳಿಗಾಲವೂ ಕೋಳಿಗೂಡೂ

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಸುಮಾರು 12 ಕಿಲೋಮೀಟರ್ ದೂರದಲ್ಲಿರುವ ಗಾಜನೂರಿನಲ್ಲಿ, ತುಂಗೆಯ ಅಣೆಕಟ್ಟಿನ ಹಿನ್ನೀರೂ ಅಡಿಕೆಯ ತೋಟಗಳೂ ಭತ್ತದ ಗದ್ದೆಗಳೂ ಒತ್ತಾಗಿರುವುದರಿಂದ, ಕಾರ್ತಿಕ ಕಳೆದು ಮಾರ್ಗಶಿರ ಕಾಲಿಡುತ್ತಲೇ ಬೆಳಗಿನ ಗಾಳಿ ಮಂಜಿನಿಂದ ಭಾರವಾಗುತ್ತದೆ. ಹಿತ್ತಿಲಲ್ಲಿ ನಾಲ್ಕಾರು ನಾಟಿಕೋಳಿಗಳನ್ನೋ ಗಿಡ್ಡ ಜಾತಿಯ ಬ್ಯಾಂಟಮ್ ಕೋಳಿಗಳನ್ನೋ ಸಾಕಿಕೊಂಡವರಿಗೆ ಈ ಚಳಿಗೆ ಅವು ಉಳಿದಾವೇ ಎಂಬ ಚಿಂತೆ ಹತ್ತುತ್ತದೆ. ಈ ಚಿಂತೆಯ ಹಿಂದಿನ ಮಮತೆ ಗೌರವಾರ್ಹವಾದುದು. ಆದರೆ ಅದರಿಂದ ಹುಟ್ಟುವ ಉಪಚಾರಗಳು ಅನೇಕ ವೇಳೆ ಚಳಿಗಿಂತಲೂ ಅಧಿಕವಾದ ಹಾನಿಯನ್ನು ಉಂಟುಮಾಡುತ್ತವೆ.

ಕೋಳಿಯನ್ನು ಕೊಲ್ಲುವುದು ಚಳಿಯೇ ಎಂಬುದು ಮೂಲದ ತಪ್ಪು ಕಲ್ಪನೆ. ಕೋಳಿಯ ದೇಹೋಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮದಕ್ಕಿಂತ ನಾಲ್ಕು ಡಿಗ್ರಿ ಹೆಚ್ಚು. ಗರಿಗಳನ್ನು ಉಬ್ಬಿಸಿ, ಅವುಗಳ ನಡುವೆ ಗಾಳಿಯ ಪದರವೊಂದನ್ನು ಹಿಡಿದಿಟ್ಟುಕೊಂಡು, ಅದು ತನ್ನ ಶಾಖವನ್ನು ತಾನೇ ಕಾಪಾಡಿಕೊಳ್ಳಬಲ್ಲದು. ಗರಿ ಒಣಗಿದ್ದರೆ, ಬೆಳೆದ ಕೋಳಿಗೆ ಈ ಸೀಮೆಯ ಪುಷ್ಯಮಾಸದ ರಾತ್ರಿ ಬಾಧಕವಲ್ಲ. ಬ್ಯಾಂಟಮ್ ಜಾತಿಗೆ ಮಾತ್ರ, ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚಾದ್ದರಿಂದ, ಶಾಖ ಬೇಗನೆ ಸೋರಿಹೋಗುತ್ತದೆ. ಗರಿ ಮೂಡದ ಮರಿಗಳಿಗಂತೂ ಮೊದಲ ವಾರ ಸುಮಾರು 35 ಡಿಗ್ರಿಯ ಕಾವು ತಾಯಿಯಿಂದಲೋ ಬಲ್ಬಿನಿಂದಲೋ ದೊರೆಯಲೇಬೇಕು.

ಇದಕ್ಕಿಂತ ಅಪಾಯಕರವಾದುದು ಗೂಡಿನ ಸಂದುಗೊಂದುಗಳನ್ನೆಲ್ಲ ಗೋಣಿಚೀಲದಿಂದಲೂ ಟಾರ್ಪಾಲಿನಿಂದಲೂ ಮುಚ್ಚಿಬಿಡುವ ಪದ್ಧತಿ. ಕೋಳಿಗೆ ಮೂತ್ರವೆಂಬುದು ಬೇರೆಯಾಗಿ ಇಲ್ಲ, ಎಲ್ಲವೂ ಹಿಕ್ಕೆಯಲ್ಲೇ ಬೆರೆತು ಬರುತ್ತದೆ. ಆ ಹಿಕ್ಕೆಯ ತೇವವೂ ರಾತ್ರಿಯಿಡೀ ಬಿಟ್ಟ ಉಸಿರಿನ ತೇವವೂ ಹೊರಹೋಗಲು ದಾರಿಯಿಲ್ಲದೆ ಒಳಗೇ ನಿಲ್ಲುತ್ತವೆ. ನಸುಕಿನಲ್ಲಿ ಅಂಥ ಗೂಡಿನ ಬಾಗಿಲು ತೆಗೆದು, ಕೋಳಿ ಕೂರುವ ಎತ್ತರಕ್ಕೆ ಬಾಗಿ ಒಮ್ಮೆ ಉಸಿರೆಳೆದುಕೊಂಡು ನೋಡಬೇಕು: ಮೂಗಿಗೆ ಚುಚ್ಚುವ ಘಾಟು, ಕಣ್ಣಂಚಿನಲ್ಲಿ ನೀರು, ಮಾಡಿನ ತಗಡಿನ ಒಳಮೈಯಲ್ಲಿ ಸಾಲುಗಟ್ಟಿ ನಿಂತ ಹನಿಗಳು, ಅವು ತೊಟ್ಟಿಕ್ಕಿ ನೆನೆದ ಬೆನ್ನಿನ ಗರಿ. ಆ ಘಾಟು ಅಮೋನಿಯಾ ಅನಿಲದ್ದು; ಅದು ಶ್ವಾಸನಾಳದ ಸೂಕ್ಷ್ಮ ರೋಮಗಳನ್ನು ಕೆಡಿಸಿ, ನಾವು ಶೀತವೆಂದು ಕರೆಯುವ, ವಾಸ್ತವದಲ್ಲಿ ರೋಗಾಣುಗಳಿಂದ ಬರುವ ಕಾಯಿಲೆಗಳಿಗೆ ಬಾಗಿಲು ತೆರೆಯುತ್ತದೆ. ಆದಕಾರಣ ಗಾಳಿ ಬೀಸುವ ಮಗ್ಗುಲಿಗೆ, ಕೋಳಿ ಕೂರುವ ಎತ್ತರದವರೆಗೆ, ಅಡಿಕೆಯ ಸೋಗೆಯನ್ನು ಕಟ್ಟಿ, ಮಾಡಿನ ಕೆಳಗೆ ಗೇಣಗಲದ ಸಂದನ್ನು ತೆರೆದೇ ಬಿಡತಕ್ಕದ್ದು. ನೆಲಕ್ಕೆ ಅಕ್ಕಿಗಿರಣಿಯ ಉಮಿಯನ್ನು ಎರಡು ಮೂರು ಅಂಗುಲ ಹರಡಿ, ಆಗಾಗ ಕೆದಕಿ, ನೆನೆದುದನ್ನು ತೆಗೆದು ಹೊಸದು ಹಾಕಬೇಕು. ಕೂರಲು ಎರಡಂಗುಲ ಅಗಲದ ಚಪ್ಪಟೆ ಮರದ ಪಟ್ಟಿಯಿದ್ದರೆ ಹೊಟ್ಟೆಯ ಗರಿ ಬೆರಳುಗಳನ್ನು ಮುಚ್ಚುತ್ತದೆ. ಮುಚ್ಚಿದ ಗೂಡಿನೊಳಗೆ ಕೆಂಡದ ಬಟ್ಟಲಿಡುವುದಂತೂ ವಿಷಾನಿಲಕ್ಕೂ ಬೆಂಕಿಗೂ ಆಹ್ವಾನ.

ಚಳಿಗೆ ಹೆದರಿ ಹೇಂಟೆ ಮೊಟ್ಟೆ ನಿಲ್ಲಿಸಿತೆಂಬುದು ಮತ್ತೊಂದು ನಂಬಿಕೆ. ಮೊಟ್ಟೆಯಿಡುವುದನ್ನು ನಿಯಂತ್ರಿಸುವುದು ಮುಖ್ಯವಾಗಿ ಬೆಳಕು. ಅದು ಕಣ್ಣಿನಿಂದಷ್ಟೇ ಅಲ್ಲ, ತಲೆಬುರುಡೆಯನ್ನು ಹಾಯ್ದೂ ಮೆದುಳನ್ನು ತಲಪುತ್ತದೆ. ನಮ್ಮ ಅಕ್ಷಾಂಶದಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆಯದಾದರೆ ಡಿಸೆಂಬರಿನದು 11 ಗಂಟೆ 20 ನಿಮಿಷದಷ್ಟು. ಇದರೊಡನೆ ಗರಿ ಉದುರಿಸಿ ಹೊಸದನ್ನು ತಳೆಯುವ ಕಾಲವೂ ಕೂಡಿದರೆ, ಗರಿಯ ಬಹುಪಾಲು ಪ್ರೋಟೀನೇ ಆದ್ದರಿಂದ, ದೇಹ ಮೊಟ್ಟೆಯನ್ನು ಬಿಟ್ಟು ಗರಿಯತ್ತ ತಿರುಗುತ್ತದೆ. ಇದು ರೋಗವಲ್ಲ, ವಿಶ್ರಾಂತಿ. ವರ್ಷಕ್ಕೆ 50-60 ಮೊಟ್ಟೆ ಕೊಡುವ ನಾಟಿ ಹೇಂಟೆಗೆ ರಾತ್ರಿಯಿಡೀ ಬಲ್ಬು ಉರಿಸಿ ಆ ವಿಶ್ರಾಂತಿಯನ್ನು ಕಸಿಯುವುದು ನನಗೆ ಸಮ್ಮತವಲ್ಲ.

ಮೆಕ್ಕೆಜೋಳವೊಂದನ್ನೇ ಧಾರಾಳವಾಗಿ ಹಾಕಿದರೆ ಸಾಕೆಂಬ ಮಾತೂ ಅರೆಸತ್ಯ. ಅದು ಶಾಖವನ್ನು ಕೊಡುತ್ತದೆ, ಆದರೆ ಅದರಲ್ಲಿ ಪ್ರೋಟೀನು ನೂರಕ್ಕೆ ಒಂಬತ್ತರಷ್ಟು ಮಾತ್ರ. ನಮ್ಮ ಹಿರಿಯರು ಮಡಕೆ ಬೋರಲಿಟ್ಟು ಗೆದ್ದಲು ಹಿಡಿದು ಮರಿಗಳಿಗೆ ಹಾಕುತ್ತಿದ್ದುದು ಈ ಕೊರತೆಯನ್ನು ನೀಗುತ್ತಿತ್ತು.

ಕೊನೆಯದಾಗಿ, ಲಸಿಕೆ ಫಾರಂ ಕೋಳಿಗೆ ಮಾತ್ರ, ನಾಟಿಕೋಳಿಗೆ ಬೇಡವೆಂಬ ಭ್ರಮೆ. ಹಸಿರು ಭೇದಿಯಾಗಿ, ಕತ್ತು ತಿರುಚಿ, ಕೇರಿಯ ಕೋಳಿಗಳನ್ನೆಲ್ಲ ಕೆಲವೇ ದಿನಗಳಲ್ಲಿ ಬಲಿತೆಗೆದುಕೊಳ್ಳುವ ಕೊಕ್ಕರೆ ರೋಗವು ವೈರಾಣುವಿನಿಂದ ಬರುವುದು. ಬಂದ ಮೇಲೆ ಅದಕ್ಕೆ ಮದ್ದಿಲ್ಲ, ಬೆಳ್ಳುಳ್ಳಿ ಅರಿಸಿನಗಳಿಂದಲೂ ಅದು ತಗ್ಗದು. ಮೊದಲ ವಾರದಲ್ಲಿ ಲಾಸೋಟ ಲಸಿಕೆಯ ಒಂದು ಹನಿಯನ್ನು ಕಣ್ಣಿಗೋ ಮೂಗಿಗೋ, ಎಂಟನೆಯ ವಾರದ ಸುಮಾರಿಗೆ ಆರ್2ಬಿ ಚುಚ್ಚುಮದ್ದನ್ನು, ಆರೋಗ್ಯವಾಗಿರುವ ಕೋಳಿಗಳಿಗೆ ಮಾತ್ರ ಹಾಕಿಸಬೇಕು. ಒಂದು ಸೀಸೆ ನೂರಾರು ಕೋಳಿಗೆ ಸಾಲುವಂಥದ್ದು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಯತಕ್ಕದ್ದು. ಆದ್ದರಿಂದ ದೀಪಾವಳಿಗೆ ಮುಂಚೆಯೇ ಕೇರಿಯವರೆಲ್ಲ ಕೂಡಿ, ಪಶು ಆಸ್ಪತ್ರೆಯಿಂದ ಮಂಜುಗಡ್ಡೆಯಿಟ್ಟ ಥರ್ಮಾಸಿನಲ್ಲಿ ತರಿಸಿ, ಗೂಡಿನ ಬಾಗಿಲು ತೆರೆಯುವ ಮುನ್ನವೇ ಹಾಕಿಸಿಬಿಡುವುದು ಲೇಸು. ತೋಟಕ್ಕೆ ಬಿಟ್ಟ ಕೋಳಿಯನ್ನು ಮತ್ತೆ ಹಿಡಿಯುವುದು ಸುಲಭವಲ್ಲ.