ಸಹಾಯಕ ತಂತ್ರಾಂಶಗಳಿಗೆ ಅಧಿಕಾರದ ಮಿತಿ ಅವಶ್ಯ

ಮೂಟೆ ಇಳಿಸುವ ಹಮಾಲರಿಗೆ ಗೋದಾಮಿನ ಬಾಗಿಲು ತೆರೆದರೆ ಸಾಕು; ತಿಜೋರಿಯ ಬೀಗದ ಕೈಯನ್ನು ಯಾವ ವರ್ತಕರೂ ಅವರಿಗೆ ಒಪ್ಪಿಸುವುದಿಲ್ಲ. ಆದರೆ ಕಚೇರಿಯ ಗಣಕಯಂತ್ರಗಳಲ್ಲಿ ಇದಕ್ಕೆ ವಿರುದ್ಧವಾದ ಏರ್ಪಾಡು ಸಾಮಾನ್ಯವಾಗಿದೆ. ಮುದ್ರಣ, ಬ್ಯಾಕಪ್, ದೂರದಿಂದ ದುರಸ್ತಿ ಮುಂತಾದ ಸೀಮಿತ ಕೆಲಸಗಳಿಗೆಂದು ಹಿನ್ನೆಲೆಯಲ್ಲಿ ನಡೆಯುವ ಸಹಾಯಕ ತಂತ್ರಾಂಶಗಳು ಅನೇಕ ವೇಳೆ ಇಡೀ ಯಂತ್ರದ ಮೇಲೆ ಪೂರ್ಣಾಧಿಕಾರ ಹೊಂದಿರುತ್ತವೆ.

ವಿಂಡೋಸ್‌ನ ಪ್ರಿಂಟ್ ಸ್ಪೂಲರ್ ಇದಕ್ಕೆ ತಕ್ಕ ನಿದರ್ಶನ. ಮುದ್ರಿಸಬೇಕಾದ ಬಿಲ್ಲುಗಳನ್ನು ಸರದಿಯಲ್ಲಿಟ್ಟು ಪ್ರಿಂಟರಿಗೆ ಕಳುಹಿಸುವುದು ಅದರ ಮುಖ್ಯ ಕೆಲಸ. ಆದರೆ ಅದು ನಡೆಯುವುದು ‘ಸಿಸ್ಟಂ’ ಎಂಬ ಅತ್ಯುನ್ನತ ಖಾತೆಯ ಅಧಿಕಾರದಲ್ಲಿ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಹರಡಲು ಬಳಸಿದ ಮಾರ್ಗಗಳಲ್ಲಿ ಸ್ಪೂಲರಿನ ದೋಷವೂ ಒಂದಾಗಿತ್ತು. 2021ರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಮತ್ತೊಂದು ದೋಷ ಬಯಲಾಯಿತು. ಸಾಮಾನ್ಯ ನೌಕರನ ಖಾತೆಯೊಳಗೆ ಹೊಕ್ಕವರು ಪ್ರಿಂಟರ್ ಡ್ರೈವರಿನ ಸೋಗಿನಲ್ಲಿ ತಮ್ಮ ತಂತ್ರಾಂಶವನ್ನು ಸೇರಿಸಿ, ಯಂತ್ರವನ್ನೇ ವಶಪಡಿಸಿಕೊಳ್ಳಲು ಅದು ಎಡೆಗೊಟ್ಟಿತು. ಮೈಕ್ರೋಸಾಫ್ಟ್ ಆ ವರ್ಷದ ಜುಲೈನಲ್ಲಿ ತುರ್ತು ಪರಿಹಾರ ಹೊರಡಿಸಿ, ಆಗಸ್ಟ್‌ನಲ್ಲಿ ಡ್ರೈವರ್ ಸ್ಥಾಪನೆಯ ಅಧಿಕಾರವನ್ನು ನಿರ್ವಾಹಕರಿಗೆ ಸೀಮಿತಗೊಳಿಸಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ದೋಷ ಸಣ್ಣ ಸಹಾಯಕನದಾದರೂ ಹಾನಿಯ ಪ್ರಮಾಣವನ್ನು ನಿರ್ಧರಿಸಿದ್ದು ಅದಕ್ಕೆ ಕೊಟ್ಟಿದ್ದ ಅಧಿಕಾರ.

ಪ್ರತಿಯೊಂದು ತಂತ್ರಾಂಶವೂ ತನ್ನ ಕೆಲಸಕ್ಕೆ ಬೇಕಾದ ಕನಿಷ್ಠ ಅಧಿಕಾರದಿಂದಲೇ ನಡೆಯಬೇಕೆಂಬ ತತ್ತ್ವವನ್ನು ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ತಜ್ಞರು 1975ರಲ್ಲೇ ನಿರೂಪಿಸಿದ್ದರು. 2008ರಲ್ಲಿ ಬಂದ ಗೂಗಲ್ ಕ್ರೋಮ್, ಜಾಲತಾಣದ ಪುಟಗಳನ್ನು ಬಿಡಿಸಿ ತೋರಿಸುವ ಭಾಗವನ್ನು ಅಧಿಕಾರ ಮೊಟಕುಗೊಳಿಸಿ ಪ್ರತ್ಯೇಕವಾಗಿರಿಸಿತು.

ಸಣ್ಣ ಉದ್ದಿಮೆದಾರರು ಕೈಗೊಳ್ಳಬಹುದಾದ ಕ್ರಮಗಳು ಹೀಗಿವೆ:

1. ದಿನನಿತ್ಯದ ಬಿಲ್ಲಿಂಗ್ ಸಾಮಾನ್ಯ ಖಾತೆಯಲ್ಲಿ ನಡೆಯಲಿ. ನಿರ್ವಾಹಕ ಖಾತೆಯ ಗುಪ್ತಪದ ಮಾಲೀಕರ ಬಳಿ ಇರಲಿ.

2. ಮುದ್ರಣದ ಕೆಲಸವೇ ಇಲ್ಲದ ಸರ್ವರಿನಲ್ಲಿ ಪ್ರಿಂಟ್ ಸ್ಪೂಲರನ್ನು ನಿಲ್ಲಿಸಿಡಿ.

3. ಬ್ಯಾಕಪ್ ತಂತ್ರಾಂಶಕ್ಕೆ ಪ್ರತ್ಯೇಕ ಖಾತೆ ಕೊಡಿ. ಅದಕ್ಕೆ ಲೆಕ್ಕದ ಕಡತಗಳನ್ನು ಓದುವ ಹಾಗೂ ಪ್ರತಿಯನ್ನು ನಿಗದಿತ ಜಾಗದಲ್ಲಿ ಇರಿಸುವ ಅನುಮತಿ ಸಾಕು.

4. ದೂರದಿಂದ ದುರಸ್ತಿ ಮಾಡುವ ತಂತ್ರಾಂಶವನ್ನು ಕೆಲಸ ಮುಗಿದೊಡನೆ ಮುಚ್ಚಿರಿ.

5. ನಿರ್ವಾಹಕನ ಅಧಿಕಾರ ಏಕೆ ಬೇಕೆಂದು ತಂತ್ರಾಂಶ ಪೂರೈಕೆದಾರರಿಂದ ಲಿಖಿತ ವಿವರಣೆ ಪಡೆಯಿರಿ.

ಹಳೆಯ ಬಿಲ್ಲಿಂಗ್ ತಂತ್ರಾಂಶ ಸಾಮಾನ್ಯ ಖಾತೆಯಲ್ಲಿ ನಡೆಯದೆಂಬ ಕಾರಣಕ್ಕೆ ಪೂರ್ಣಾಧಿಕಾರ ಕೊಡುವ ರೂಢಿಯುಂಟು. ಅನೇಕ ವೇಳೆ ಅದರ ದತ್ತಾಂಶವಿರುವ ಫೋಲ್ಡರಿಗೆ ಮಾತ್ರ ಬರೆಯುವ ಅನುಮತಿ ನೀಡಿದರೆ ಕೆಲಸ ಸಾಗುತ್ತದೆ.

ಈ ಕ್ರಮಗಳಿಂದ ದಾಳಿಗಳು ಸಂಪೂರ್ಣವಾಗಿ ನಿಲ್ಲಲಾರವು. ಆದರೆ ಒಂದು ತಂತ್ರಾಂಶ ಕೈತಪ್ಪಿದಾಗ ವರ್ಷಗಳ ಲೆಕ್ಕಪತ್ರವೆಲ್ಲ ಅದರೊಡನೆ ಹೋಗುವ ಸಂಭವವನ್ನು ಇವು ಬಹುಮಟ್ಟಿಗೆ ತಗ್ಗಿಸುತ್ತವೆ.