ಓಡುವವರ ಮಂಡಿನೋವು

ಬೆಳಗಿನ ಜಾವ ಐದೂವರೆಯ ಹೊತ್ತಿಗೆ ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆ ಹೋದರೆ, ಮಬ್ಬುಗತ್ತಲಲ್ಲೇ ರಸ್ತೆಯ ಅಂಚಿನಲ್ಲಿ ಓಡುವ ಹುಡುಗರು ಕಾಣಸಿಗುತ್ತಾರೆ. ಕೆಲವರ ಗುರಿ ಹೋಬಳಿ ಮಟ್ಟದ ಕ್ರೀಡಾಕೂಟ. ಇನ್ನು ಕೆಲವರದು ಪೊಲೀಸ್ ಕೆಲಸ. ಸಿವಿಲ್ ಪೊಲೀಸ್ ಕಾನ್ಸ್‌ಟೇಬಲ್ ಆಗಬಯಸುವ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಓಡಿ ಮುಗಿಸಬೇಕು. ಎಷ್ಟೋ ಮನೆಗಳ ಆಸೆ ಈ ಕೆಲವೇ ನಿಮಿಷಗಳ ಮೇಲೆ ನಿಂತಿರುತ್ತದೆ. ಅಂಥ ಸಮಯದಲ್ಲಿ ಮಂಡಿ ನೋಯಲು ಶುರುವಾದರೆ?

ಇದು ಬಿದ್ದು ಪೆಟ್ಟಾದ ನೋವಲ್ಲ. ಮಂಡಿಚಿಪ್ಪಿನ ಸುತ್ತ ಅಥವಾ ಹಿಂದೆ ಸಣ್ಣಗೆ ನೋಯುತ್ತದೆ. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಿನಲ್ಲಿ ಕುಳಿತಾಗ, ಬಸ್ಸಿನಲ್ಲಿ ಕಾಲು ಮಡಿಸಿ ಬಹಳ ಹೊತ್ತು ಕೂತು ಎದ್ದಾಗ ಹೆಚ್ಚಾಗುತ್ತದೆ. ನಾಲ್ಕು ದಿನ ಬಿಟ್ಟರೆ ಮಾಯ. ಮತ್ತೆ ಓಡಿದರೆ ಹಾಜರು. ಆಗ ಕೆಲವರು ಹಲ್ಲು ಕಚ್ಚಿ ಓಡುತ್ತಾರೆ, ಕೆಲವರು ಓಟವನ್ನೇ ಬಿಟ್ಟುಬಿಡುತ್ತಾರೆ. ಎರಡೂ ಸರಿಯಲ್ಲ. ಏಕೆಂದು ತಿಳಿಯಲು ಮಂಡಿಯ ಒಳಗೆ ನಡೆಯುವುದನ್ನು ಸ್ವಲ್ಪ ನೋಡೋಣ.

ಬಾವಿಯ ರಾಟೆ

ಸೇದುವ ಬಾವಿಯ ರಾಟೆಯನ್ನು ನೆನಪಿಸಿಕೊಳ್ಳಿ. ಹಗ್ಗ ಅದರ ಮೇಲೆ ಹಾದುಹೋಗುವುದರಿಂದ ಕೊಡ ಎಳೆಯುವುದು ಸುಲಭವಾಗುತ್ತದೆ. ಮಂಡಿಚಿಪ್ಪಿನ ಕೆಲಸವೂ ಹೆಚ್ಚುಕಡಿಮೆ ಅದೇ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಹಗ್ಗದಂತೆ ಚಿಪ್ಪಿನ ಮೇಲೆ ಹಾದು, ಸ್ನಾಯುರಜ್ಜುವಾಗಿ ಮೊಣಕಾಲಿನ ಕೆಳಗಿನ ಮೂಳೆಗೆ ಅಂಟಿಕೊಂಡಿದೆ. ಸ್ನಾಯು ಎಳೆದಾಗ ಕಾಲು ನೇರವಾಗುತ್ತದೆ. ಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ಒಂದು ಕಾಲುವೆಯಲ್ಲಿ ಮೇಲೆ ಕೆಳಗೆ ಜಾರುತ್ತದೆ. ಜಾರುವ ಮೈಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ.

ನಾವು ನೆಲದ ಮೇಲೆ ನಡೆಯುವಾಗ ಈ ಚಿಪ್ಪಿನ ಕೀಲಿನ ಮೇಲೆ ಬೀಳುವ ಒತ್ತಡ ಸುಮಾರಾಗಿ ನಮ್ಮ ದೇಹದ ತೂಕದಷ್ಟು ಅಥವಾ ಇನ್ನೂ ಕಡಿಮೆ. ಮೆಟ್ಟಿಲು ಹತ್ತಿ ಇಳಿಯುವಾಗ ಅದು ಸುಮಾರು ಮೂರು ಪಟ್ಟು, ಓಡುವಾಗ ಸುಮಾರು ಐದು ಪಟ್ಟು. 50 ಕಿಲೋ ತೂಗುವ ಹುಡುಗನ ಚಿಪ್ಪಿನ ಮೇಲೆ ಓಟದ ಪ್ರತಿ ಹೆಜ್ಜೆಗೂ 250 ಕಿಲೋ ಭಾರ ಎಂದಾಯಿತು. ಹೆಜ್ಜೆಯ ಉದ್ದ ಒಂದು ಮೀಟರ್ ಎಂದುಕೊಂಡರೆ, 5 ಕಿಲೋಮೀಟರ್ ಓಟದಲ್ಲಿ ಒಂದೊಂದು ಕಾಲಿಗೂ ಇಂಥ ಭಾರ 2500 ಸಲ!

ಹಾಗಾದರೆ ಓಟ ಮಂಡಿಯನ್ನು ಸವೆಸುತ್ತದೆಯೇ? ಇಲ್ಲ. ಮೂಳೆ, ಸ್ನಾಯು, ಮೃದ್ವಸ್ಥಿ ಇವೆಲ್ಲ ಜೀವಂತ ವಸ್ತುಗಳು. ನಿಧಾನವಾಗಿ ಭಾರ ಹೆಚ್ಚಿಸಿದರೆ ಒಗ್ಗಿಕೊಂಡು ಗಟ್ಟಿಯಾಗುತ್ತವೆ. 2017ರಲ್ಲಿ ಪ್ರಕಟವಾದ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿಯೊಂದರಲ್ಲಿ ಸೊಂಟ ಮತ್ತು ಮಂಡಿಯ ಸಂಧಿವಾತ ಹವ್ಯಾಸಕ್ಕಾಗಿ ಓಡುವವರಲ್ಲಿ ಶೇಕಡ 3.5ರಷ್ಟು ಇದ್ದರೆ, ಓಡದೆ ಕುಳಿತಿರುವವರಲ್ಲಿ ಶೇಕಡ 10.2ರಷ್ಟಿತ್ತು. ತೊಂದರೆ ಬರುವುದು ಒಗ್ಗಿಕೊಳ್ಳಲು ಸಮಯ ಕೊಡದೆ ಭಾರ ಏರಿಸಿದಾಗ. ನೇಮಕಾತಿಯ ಪ್ರಕಟಣೆ ಬಂದ ಮಾರನೆಯ ದಿನವೇ ಐದು ಕಿಲೋಮೀಟರ್ ಓಡಲು ಹೊರಡುವುದು, ಒಮ್ಮೆಲೇ ಗುಡ್ಡದ ಇಳಿಜಾರಿನಲ್ಲಿ ಓಡುವುದು, ಸದಾ ರಸ್ತೆಯ ಓರೆಯಾದ ಒಂದೇ ಅಂಚಿನಲ್ಲಿ ಓಡುವುದು, ತೊಡೆ ಮತ್ತು ಸೊಂಟದ ಸ್ನಾಯುಗಳಲ್ಲಿ ಬಲ ಸಾಲದಿರುವುದು, ಇವು ಸಾಮಾನ್ಯ ಕಾರಣಗಳು.

ಮಾಡಬೇಕಾದ್ದೇನು?

ಮೊದಲನೆಯದು, ಓಟ ನಿಲ್ಲಿಸಬೇಡಿ, ತಗ್ಗಿಸಿ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಓಡುವಾಗ ಎರಡು ಮೂರು ಅಂಕದೊಳಗಿದ್ದು, ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಅಷ್ಟು ಓಟ ಸರಿ. ಅದಕ್ಕಿಂತ ಹೆಚ್ಚಾದರೆ ದೂರ ಕಡಿಮೆ ಮಾಡಿ, ನಡುನಡುವೆ ನಡೆಯಿರಿ. ದಿನ ಬಿಟ್ಟು ದಿನ ಓಡಿ. ಇಳಿಜಾರು ಸದ್ಯಕ್ಕೆ ಬೇಡ.

ಎರಡನೆಯದು, ಹೆಜ್ಜೆ ಚಿಕ್ಕದು ಮಾಡಿ. ವೇಗ ಅಷ್ಟೇ ಇರಲಿ, ನಿಮಿಷಕ್ಕೆ 160 ಹೆಜ್ಜೆ ಹಾಕುವವರು 170ರ ಹತ್ತಿರ ಹಾಕಲಿ. ಪಾದ ದೇಹದ ಮುಂದಕ್ಕೆ ದೂರ ಬೀಳದೆ ಮಂಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ.

ಮೂರನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದುದು, ಸ್ನಾಯುಗಳಿಗೆ ಬಲ. ಇದಕ್ಕೆ ಯಾವ ಸಲಕರಣೆಯೂ ಬೇಡ. ಅಂಗಾತ ಮಲಗಿ ಒಂದು ಮಂಡಿ ಮಡಿಸಿ, ಇನ್ನೊಂದು ಕಾಲನ್ನು ನೇರವಾಗಿ ಒಂದು ಅಡಿ ಎತ್ತಿ ಇಳಿಸಿ. ಎರಡೂ ಮಂಡಿ ಮಡಿಸಿ ಸೊಂಟವನ್ನು ಮೇಲೆತ್ತಿ ಹಿಡಿಯಿರಿ. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತಿ. ಗೋಡೆಗೆ ಬೆನ್ನು ಕೊಟ್ಟು, ನೋಯದಷ್ಟು ಮಾತ್ರ ಅರ್ಧ ಬಸ್ಕಿ ಹೊಡೆಯಿರಿ. ಒಂದೊಂದನ್ನೂ ಹತ್ತು ಹತ್ತರಂತೆ ಮೂರು ಸಲ, ವಾರಕ್ಕೆ ಮೂರು ದಿನ ಮಾಡಿ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ವಾರಕ್ಕೇ ಬೇಸರಪಟ್ಟು ಬಿಡಬಾರದು.

ನೋವಿನ ಮಾತ್ರೆ ನುಂಗಿ ಓಡುವುದು ಬೇಡ. ಮಾತ್ರೆ ನೋವನ್ನು ಮರೆಸುತ್ತದೆ, ಭಾರವನ್ನು ಇಳಿಸುವುದಿಲ್ಲ.

ಎಲ್ಲ ಮಂಡಿನೋವೂ ಒಂದೇ ಅಲ್ಲ

ಹತ್ತರಿಂದ ಹದಿನೈದರ ವಯಸ್ಸಿನವರಲ್ಲಿ ಚಿಪ್ಪಿನ ಕೆಳಗೆ, ಸ್ನಾಯುರಜ್ಜು ಮೂಳೆಗೆ ಅಂಟುವ ಕಡೆ ಸಣ್ಣ ಗುಬುಟು ಎದ್ದು ನೋಯುವುದುಂಟು. 1903ರಲ್ಲಿ ಇದನ್ನು ವಿವರಿಸಿದ ಇಬ್ಬರು ವೈದ್ಯರ ಹೆಸರಿನಿಂದ ಇದಕ್ಕೆ ಆಸ್‌ಗುಡ್-ಶ್ಲಾಟರ್ ಎನ್ನುತ್ತಾರೆ. ಬೆಳೆಯುವ ಮೂಳೆಯ ತೊಂದರೆ ಇದು. ಬೆಳವಣಿಗೆ ಮುಗಿದಂತೆ ಬಹುಪಾಲು ತಾನೇ ಶಮನವಾಗುತ್ತದೆ. ಅದನ್ನು ಎಣ್ಣೆ ಹಚ್ಚಿ ಒತ್ತಿ ನೀವಿಸಬೇಡಿ. ಇದೇ ವಯಸ್ಸಿನಲ್ಲಿ ಸೊಂಟದ ಕೀಲಿನ ಗಂಭೀರ ತೊಂದರೆಯೊಂದು ಮಂಡಿಯಲ್ಲಿ ನೋವಾಗಿ ಕಾಣಿಸಿಕೊಳ್ಳಬಹುದು. ಹುಡುಗ ಕುಂಟುತ್ತಿದ್ದರೆ ತಡಮಾಡಬಾರದು.

ನಮ್ಮ ಸೀಮೆಯ ಇನ್ನೊಂದು ಮಾತನ್ನೂ ಹೇಳಬೇಕು. ಪಾವಗಡ, ಸಿರಾ, ಮಧುಗಿರಿ ಭಾಗದ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು; ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು ಎಂಬುದು ನಮ್ಮ ದೇಶದ ಮಾನದಂಡ. ಓಡಿದಾಗ ಮಾತ್ರ ಮಂಡಿ ನೋಯುವುದಕ್ಕೆ ಇದನ್ನು ದೂರಬೇಕಿಲ್ಲ. ಆದರೆ ಹಲ್ಲಿನ ಮೇಲೆ ಕಂದು ಕಲೆ, ಬೆನ್ನು ಬಗ್ಗದ ಬಿಗಿತ, ಹಲವು ಕೀಲುಗಳಲ್ಲಿ ನೋವು ಇದ್ದರೆ ವೈದ್ಯರಿಗೆ ತಿಳಿಸಿ, ನೀರನ್ನೂ ಪರೀಕ್ಷೆ ಮಾಡಿಸಿ.

ಮಂಡಿ ಊದಿಕೊಂಡರೆ, ನಡುವೆ ಸಿಕ್ಕಿಹಾಕಿಕೊಂಡು ಬಿಡಿಸಲಾಗದಿದ್ದರೆ, ನಡೆಯುವಾಗ ಕುಸಿದರೆ, ರಾತ್ರಿ ನಿದ್ದೆಗೆಡಿಸುವಷ್ಟು ನೋಯಿಸಿದರೆ, ಜೊತೆಗೆ ಜ್ವರ ಬಂದರೆ ಕಾಯದೆ ಸರ್ಕಾರಿ ಆಸ್ಪತ್ರೆಯ ಮೂಳೆ ವೈದ್ಯರಿಗೆ ತೋರಿಸಿ. ಅಮೆರಿಕದ ಜೋನ್ ಬೆನಾಯ್ಟ್‌ಗೆ 1984ರಲ್ಲಿ ಮಂಡಿ ಕೈಕೊಟ್ಟಿತು. ತೊಂದರೆ ಪತ್ತೆಯಾಗಿ ಶಸ್ತ್ರಚಿಕಿತ್ಸೆಯಾದ ಹದಿನೇಳನೆಯ ದಿನ ಆಕೆ ಆಯ್ಕೆ ಸ್ಪರ್ಧೆ ಗೆದ್ದರು. ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನ್‌ನ ಚಿನ್ನ ಪಡೆದರು. ನಮ್ಮಲ್ಲಿ ಹೆಚ್ಚಿನವರಿಗೆ ಕತ್ತರಿ ಬೇಕಾಗುವುದಿಲ್ಲ. ಬೇಕಾದುದು ಕಾರಣದ ತಿಳಿವಳಿಕೆ, ಮೂರು ತಿಂಗಳ ತಾಳ್ಮೆ. ಆದ್ದರಿಂದ ಪರೀಕ್ಷೆಯ ದಿನಾಂಕ ಬರುವವರೆಗೆ ಕಾಯದೆ, ಇಂದಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಆರಂಭಿಸಿ.