ತಿಪ್ಪೆಯಲ್ಲಿ ಹುಟ್ಟಿದ ಚೆಂಡು ಹೂವೇ ಮದ್ದಿಗೆ ಮೇಲು

ಆಯುಧಪೂಜೆ ಮುಗಿದ ವಾರ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಎಲ್ಲಿ ನೋಡಿದರೂ ಬಾಡಿದ ಚೆಂಡು ಹೂವಿನ ಹಾರ: ಟ್ರ್ಯಾಕ್ಟರಿನ ಮೂತಿಯ ಮೇಲೆ, ಅಂಗಡಿಯ ಬಾಗಿಲಿಗೆ, ಆಲೆಮನೆಯ ಗಾಣಕ್ಕೆ. ಕೊನೆಗೆ ಅದು ತಿಪ್ಪೆ ಸೇರುತ್ತದೆ. ಒಂದು ಹದ ಮಳೆ ಬಿದ್ದರೆ ಅಲ್ಲೇ ಸಸಿ ಏಳುತ್ತದೆ. ಯಾರೂ ಬಿತ್ತದ, ಯಾರೂ ಔಷಧಿ ಹೊಡೆಯದ ಆ ಗಿಡದ ಹೂವೇ ಮನೆಮದ್ದಿಗೆ ತಕ್ಕದ್ದು. ಹಬ್ಬದ ಮಾರಾಟಕ್ಕೆ ಬೆಳೆದ ಹೂವಿಗೆ ಕೀಟನಾಶಕ ಬಿದ್ದಿರುತ್ತದೆ. ಎಣ್ಣೆಯಲ್ಲಿ ಕಾಯಿಸಿದರೆ ಬಣ್ಣದ ಜೊತೆ ಆ ವಿಷವೂ ಎಣ್ಣೆಗೆ ಇಳಿಯಬಹುದು.

ಇಬ್ಬನಿ ಆರಿದ ಮೇಲೆ ಹೂ ಕೊಯ್ದು, ಎಸಳು ಬಿಡಿಸಿ, ಹಳೆಯ ಪಂಚೆಯ ಮೇಲೆ ನೆರಳಲ್ಲಿ ಗರಿಗರಿಯಾಗುವವರೆಗೆ ಒಣಗಿಸಬೇಕು. ಇಲ್ಲಿ ಆತುರಪಟ್ಟವರ ಎಣ್ಣೆಗೆ ಬೂಷ್ಟು ಹಿಡಿಯುತ್ತದೆ. ಎಸಳು ಮುಳುಗುವಷ್ಟು ಕೊಬ್ಬರಿ ಎಣ್ಣೆ ಹಾಕಿ, ಆ ಪಾತ್ರೆಯನ್ನು ನೀರು ತುಂಬಿದ ಇನ್ನೊಂದು ಪಾತ್ರೆಯೊಳಗಿಟ್ಟು, ಸಣ್ಣ ಉರಿಯಲ್ಲಿ ಒಂದೆರಡು ಗಂಟೆ ಬಿಡಿ. ಎಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ತೆಳು ಬಟ್ಟೆಯಲ್ಲಿ ಸೋಸಿ. ಮುಲಾಮು ಬೇಕಿದ್ದರೆ 100 ಗ್ರಾಂ ಎಣ್ಣೆಗೆ 20 ಗ್ರಾಂ ಜೇನುಮೇಣ ಕರಗಿಸಿದರೆ ಸಾಕು. ಗದ್ದೆಯ ಕೆಸರಲ್ಲಿ ನಿಂತು ಒಡೆದ ಹಿಮ್ಮಡಿಗೆ ರಾತ್ರಿ ಹಚ್ಚಿಕೊಂಡರೆ ಹಿತವಾಗುತ್ತದೆ. ಆ ಹಿತದಲ್ಲಿ ಎಣ್ಣೆ, ಮೇಣದ ಪಾಲು ದೊಡ್ಡದು ಎಂಬುದನ್ನೂ ಹೇಳಲೇಬೇಕು.

ಏಕೆಂದರೆ ಮೊಬೈಲಿನ ವಿಡಿಯೊಗಳಲ್ಲಿ ಗಾಯ ಮಾಯಿಸುತ್ತದೆಂದು ಹೊಗಳಿಸಿಕೊಳ್ಳುವ ‘ಮಾರಿಗೋಲ್ಡ್’ ಬಹುಪಾಲು ಕ್ಯಾಲೆಂಡುಲ. ಹೋಮಿಯೋಪಥಿ ಔಷಧಿ ಅಂಗಡಿಯಲ್ಲಿ ಮುಲಾಮಾಗಿ ಸಿಗುವುದೂ ಅದೇ. ಅದು ಮೆಡಿಟರೇನಿಯನ್ ಸೀಮೆಯ ಗಿಡ. ನಮ್ಮ ಚೆಂಡು ಹೂ ಮೆಕ್ಸಿಕೊ ಕಡೆಯಿಂದ ಬಂದ ಟ್ಯಾಜೆಟೀಸ್. ಕುಟುಂಬ ಒಂದೇ ಆದರೂ ಒಂದರ ಗುಣವನ್ನು ಇನ್ನೊಂದರ ತಲೆಗೆ ಕಟ್ಟಲಾಗದು. ನಮ್ಮ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ ಕೂಡ ಅದೇ ಕುಟುಂಬದ್ದು. ಅದು ಸೋಕಿದರೆ ಮೈ ನವೆಯಾಗುವವರು ಚೆಂಡು ಹೂವಿನಿಂದಲೂ ದೂರವಿರುವುದು ಕ್ಷೇಮ. ಉಳಿದವರು ಮೊಳಕೈ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ಕಾದು ನೋಡಲಿ.

ಕುರುವಿಗೆ ಚೆಂಡು ಹೂವಿನ ಎಲೆ ಅರೆದು ಕಟ್ಟುವುದು, ಕಿವಿನೋವಿಗೆ ಎಲೆಯ ರಸ ಬಿಡುವುದು ಹಳೆಯ ರೂಢಿ. ಮೊದಲನೆಯದನ್ನು ಒಡೆಯದ ಸಣ್ಣ ಕುರುವಿಗೆ ಮಾಡಿದರೆ ನನ್ನ ತಕರಾರಿಲ್ಲ. ಎರಡನೆಯದು ಖಂಡಿತ ಬೇಡ. ಕಿವಿಯ ತಮಟೆಯಲ್ಲಿ ತೂತಿದ್ದರೆ ರಸ ಒಳಗಿಳಿದು ಅನಾಹುತವಾಗುತ್ತದೆ. ಕಬ್ಬು ಕಡಿಯುವಾಗ ಮಚ್ಚು ತಗುಲಿದ ಗಾಯವನ್ನು ಸೋಪು ನೀರಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಯಾವ ಮನೆಮದ್ದೂ ಸಲ್ಲದು.

ಇನ್ನು ಹೂವಿನ ಕಷಾಯ ಕುಡಿದರೆ ಕಣ್ಣಿಗೆ ಒಳ್ಳೆಯದೆಂಬ ಮಾತು. ಚೆಂಡು ಹೂವಿನಲ್ಲಿ ಲ್ಯೂಟಿನ್ ಹೇರಳವಾಗಿರುವುದು ನಿಜ. ಪಕ್ಕದ ಗುಂಡ್ಲುಪೇಟೆ ಸೀಮೆಯಲ್ಲಿ ಎಕರೆಗಟ್ಟಲೆ ಬೆಳೆದು ಕಂಪನಿಗಳಿಗೆ ಕೊಡುವುದೇ ಅದಕ್ಕಾಗಿ. ತೆಗೆದ ಸತ್ವ ಕಣ್ಣಿನ ಮಾತ್ರೆಗೂ ಕೋಳಿ ಆಹಾರಕ್ಕೂ ಹೋಗುತ್ತದೆ. ಆದರೆ ಲ್ಯೂಟಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆ ಜಿಡ್ಡಿನಲ್ಲಿ ಕರಗುತ್ತದೆ. ಎಷ್ಟು ಕುದಿಸಿದರೂ ಕಷಾಯಕ್ಕೆ ಅದು ಹೆಚ್ಚೇನೂ ಇಳಿಯದು. ಅದೇ ಲ್ಯೂಟಿನ್ ಹಸಿರು ಸೊಪ್ಪುಗಳಲ್ಲೂ ಇದೆ. ಕಣ್ಣಿನ ಚಿಂತೆ ಇರುವವರು ಗದ್ದೆ ಬದುವಿನ ಹೊನಗೊನೆ ಸೊಪ್ಪು ತಂದು, ತೊಳೆದು, ಎಣ್ಣೆ ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಬಾಡಿಸಿ ಮುದ್ದೆಯ ಜೊತೆ ಉಣ್ಣಲಿ.